ಐರಣಿ ವಾಡೆಯ ಕಣ್ಣಿಲ್ಲದ ತಮ್ಮ

ಆಷಾಢದ ಮಳೆ ಹಿಡಿದರೆ ಬಿಡುವ ಜಾತಿಯದಲ್ಲ. ೧೯೯೩ರ ಆ ಮಧ್ಯಾಹ್ನ ಹಳ್ಳಕ್ಕೆ ನೀರು ಬಂದು, ರಾಣೆಬೆನ್ನೂರಿನಿಂದ ಐರಣಿಗೆ ಹೋಗುವ ಬಸ್ಸು ನಿಂತುಬಿಟ್ಟಿತ್ತು. ನಿಲ್ದಾಣದ ಪಕ್ಕದ ಚಹಾದಂಗಡಿಯಲ್ಲಿ ಐದಾರು ಜನ ಒದ್ದೆ ಕಾಲು ಮಡಚಿಕೊಂಡು ಕೂತಿದ್ದರು. ಬ್ಯಾಡಗಿಯ ಗುತ್ತೆವ್ವನ ಬಾಯಿ ಮಾತ್ರ ಸುಮ್ಮನಿರಲಿಲ್ಲ. ಅವಳ ಇಬ್ಬರು ಗಂಡುಮಕ್ಕಳು ಐರಣಿಯ ಹಳೇ ಅರಮನೆಯಂಥ ವಾಡೆಯಲ್ಲಿ ಗೋಡೆಚಿತ್ರಕ್ಕೆ ಹೊಸದಾಗಿ ಬಣ್ಣ ತುಂಬುವ ಕೆಲಸ ಹಿಡಿದಿದ್ದರು. ಅವರಿಗೆ ರೊಟ್ಟಿ ಕಟ್ಟಿಕೊಂಡು ಹೊರಟಿದ್ದಳು. ಕೇಳಿದವರಿಗೂ ಕೇಳದವರಿಗೂ ಅದನ್ನೇ ಹೇಳಿದಳು.

ಮೂಲೆಯಲ್ಲಿ ಕೂತಿದ್ದ ಎಪ್ಪತ್ತು ದಾಟಿದ ಚಿತ್ರಗಾರ ವಿರೂಪಾಕ್ಷಪ್ಪ ಚಹಾದ ಬಸಿ ಕೆಳಗಿಟ್ಟ.

"ಯಾವ ವಾಡೇನವ್ವಾ? ಪಗಡಿ ಆಡೋ ಅರಸರ ಚಿತ್ರ ಐತಲ್ಲ, ಅದಾ?"

ಅವಳು ಹೂಂ ಅಂದಳು. ಮುದುಕನ ಮುಖ ಕಪ್ಪಿಟ್ಟಿತು.

"ಇತ್ತಾಗ ಸರೀರಿ ಎಲ್ಲಾರೂ... ಆ ಚಿತ್ರದಾಗ ಇರಾವ್ರು ಹಿಂದಿನ ಕಾಲದ ಒಬ್ಬ ಮಾಂಡಲೀಕ, ಅವನ ತಮ್ಮ. ಒಂದ ತಾಟಿನಾಗ ಉಂಡವ್ರು. ಆದ್ರ ಪಟ್ಟದ ಆಶಾ ಯಾರನ್ನ ಬಿಟ್ಟೈತಿ? ಅಣ್ಣ ಪಗಡಿ ಆಡಾಕತ್ತಿದ್ದಾಗ ತಮ್ಮ ಅವನ ಎದಿಗೆ ಕಠಾರಿ ಹಾಕಿದ. ಹಾಕಿ ಸುಮ್ಮನಾದ್ನೇನು? ನಾಚಿಕಿಗೆಟ್ಟವ, ತಾನು ಕಠಾರಿ ಹಿರಿದು ನಿಂತದ್ದನ್ನ ಗ್ವಾಡಿ ಮ್ಯಾಲೆ ಬರಿಸಿದ! ಬರದಾವ ಜಾಣ... ತಮ್ಮನ ಕಣ್ಣಷ್ಟ ಬರೀದ ಬಿಟ್ಟ.

"ನಮ್ಮ ಚಿತ್ರಗಾರರೊಳಗ ಒಂದು ರೂಢಿ ಐತ್ರಿ. ಕಣ್ಣು ಕಡೀಕ ಬರಿಯೂದು, ಬರದ ಕೂಡ್ಲೆ ಚಿತ್ರದ ಮುಂದ ಕನ್ನಡಿ ಹಿಡಿಯೂದು. ಮೊದಲನೇ ನೋಟ ಅದರ ಮ್ಯಾಲ ಬೀಳಬೇಕು, ಮನಷ್ಯಾರ ಮ್ಯಾಲೆ ಬೀಳಬಾರ್ದು.

"ಎಂಬತ್ತಮೂರರಾಗ ಆ ಕೆಲಸ ನಮಗ ಬಂತು, ನನಗ ಮತ್ತ ನಮ್ಮಣ್ಣ ಹಾಲೇಶಪ್ಪಗ. ಕಣ್ಣಿಲ್ಲದ ಅರಸ ಚಂದ ಕಾಣ್ತಾನೇನು ಅಂತ ನಾನ ಶಾಣ್ಯಾತನ ಮಾಡಿ ಕಣ್ಣು ಬರೀಲಿಕ್ಕೆ ಹೋದೆ. ಹಟ್ಟಹಗಲು! ಅಣ್ಣ ಎದುರಿಗೆ ಕನ್ನಡಿ ಹಿಡಕೊಂಡು ನಿಂತಿದ್ದ. ಎಲಿಅಡಿಕಿ ಹಾಕಿದ್ದ ನೋಡ್ರಿ... ಬಾಯಿ ಎಷ್ಟ ಕೆಂಪಾಗೇತಿ ನೋಡಕೊಳ್ಳೂಣು ಅಂತ ಕನ್ನಡಿ ತನ್ನ ಕಡೆ ಹೊಳ್ಳಿಸಿಕೊಂಡ. ಅದ ಗಳಿಗ್ಯಾಗ ನಾ ಎರಡನೇ ಕಣ್ಣು ಮುಗಿಸಿದ್ದೆ.

"'ಎಷ್ಟ ಕೆಂಪಾಗೇತೋ ತಮ್ಮಾ' ಅಂದ. ಹೊಳ್ಳಿ ನೋಡಿದ್ರ... ಅದು ಎಲೀ ಕೆಂಪಲ್ಲ! ಎದಿಯೊಳಗ ನಾಕ ಬೆರಳಗಲದ ಗಾಯ, ಬಾಯಿತುಂಬ ರಕ್ತ. ನನ್ನ ಕೈಯಾಗ ಕುಂಚ ಬಿಟ್ರ ಏನಿತ್ತು? ಗ್ವಾಡಿ ನೋಡ್ತೀನಿ, ಚಿತ್ರದಾಗಿನ ತಮ್ಮನ ಕೈ ಖಾಲಿ... ಪೊಲೀಸರು ಮೂರು ದಿನ ಕುಂದ್ರಿಸಿ ಕೇಳಿದ್ರು. ಬಿಟ್ಟ ಮ್ಯಾಲೆ ಹೋಗಿ ನೋಡಿದೆ. ಕಠಾರಿ ಮತ್ತ ಕೈಗೆ ಬಂದಿತ್ತು. ಬೆರಳಿಟ್ಟು ನೋಡಿದೆ... ಹಸೀ ಇತ್ತು."

ಗುತ್ತೆವ್ವನ ಮಡಿಲಿನಿಂದ ರೊಟ್ಟಿ ಗಂಟು ಜಾರಿತು.

"ನನ್ನ ಮಕ್ಕಳಿಗೆ ಹೇಳ್ತೀನ್ರಿ, ಕನ್ನಡಿ ಹಿಡಕೊಳ್ಳಾಕ..."

"ಇನ್ನ ಕನ್ನಡಿ ಯಾತಕ್ಕವ್ವಾ? ಕಣ್ಣು ತೆರದು ಹತ್ತು ವರ್ಷಾತು. ಅಣ್ಣನ ರಕ್ತ ಕಂಡ ಕಣ್ಣು ಅವು. ನಾನ ಸುಣ್ಣ ಬಳದು ಮುಚ್ಚಿದ್ದೆ. ಮಳಿಗಾಲ ಬಂತಂದ್ರ ಸುಣ್ಣ ಉದರತೈತಿ, ಮತ್ತ ನೋಡಾಕ ಹತ್ತತಾವು."

ಮುದುಕ ಹೊರಗೆ ಸುರಿಯುತ್ತಿದ್ದ ಮಳೆಯತ್ತ ನೋಡಿದ.

"ಐರಣ್ಯಾಗ ಬಣ್ಣ ಬಳಿಯವ್ರಿಗೆ ಬರ ಇಲ್ಲವ್ವಾ. ಆದ್ರ ಆ ಊರಾಗ ಅಣ್ಣತಮ್ಮರು ಜೋಡೀಲೆ ಆ ವಾಡೇದ ಹೊಸ್ತಲಾ ದಾಟೂದಿಲ್ಲ, ಇವತ್ತಿಗೂ... ಅದಕ್ಕ, ಇದೆಲ್ಲಾ ಗೊತ್ತಿಲ್ಲದ ನಿನ್ನ ಮಕ್ಕಳನ್ನ ಬ್ಯಾಡಗಿಂದ ಕರಸ್ಯಾರ."