ತಾತ ರುಚಿ ನೋಡಿದ ಬಾಟಲಿ

ಸೆದಿನಮ್ ಅಮೆತೆಫೆ ಎಂಬ ನಾನು, ವಯಸ್ಸು ಮೂವತ್ತನಾಲ್ಕು, ಕ್ಪಾಂಡೊ ಪಟ್ಟಣದ ಮೀನು ಸಂತೆಯ ಹಿಂಭಾಗದ ನಿವಾಸಿ, ಇದೇ ಊರಿನ ಗಿಡಮೂಲಿಕೆ ಪರೀಕ್ಷಾ ಕೇಂದ್ರದಲ್ಲಿ ಸಂಶೋಧಕಿ, ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಸರೋವರದ ಆಚೆ ದಂಡೆಯ ಡೊತ್ಸೆ ತಾತ ನಾಟಿ ವೈದ್ಯರು. ಮಹಾಗನಿ ತೊಗಟೆಯ ಕಷಾಯದಿಂದ ಕೀವಾದ ಗಾಯ ತೊಳೆಯುತ್ತಾರೆ. ಅದಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಗುಣ ನಿಜಕ್ಕೂ ಇದೆಯೇ ಎಂದು ತಿಳಿಯಲು ನಾವು ತೊಗಟೆಯ ಪುಡಿಯನ್ನು ಮೆಥನಾಲಿನಲ್ಲಿ ನೆನೆಹಾಕಿ ಸಾರ ತೆಗೆಯುತ್ತೇವೆ. ಮೆಥನಾಲ್ ನೋಡಲು, ಮೂಸಲು ಸಾರಾಯಿಯಂತೆಯೇ ಇರುತ್ತದೆ. ಕುಡಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗಬಹುದು. ಪರೀಕ್ಷೆಗೆ ಮುಂಚೆ ಅದನ್ನು ಆವಿ ಮಾಡಿ ತೆಗೆಯುತ್ತೇವೆ. ಅಂದು ಮೇಜಿನ ಮೇಲಿದ್ದ ಬಾಟಲಿಯಲ್ಲಿ ಮೆಥನಾಲ್ ಇನ್ನೂ ಹಾಗೆಯೇ ಇತ್ತು. ಬಾಟಲಿಯ ಮೇಲೆ ವಿಷವೆಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅದರ ಕೆಳಗೆ ನಮ್ಮ ಎವೆ ಭಾಷೆಯಲ್ಲಿ ‘ಡೊತ್ಸೆ ತಾತನ ಔಷಧಿ’ ಎಂದು ಗೌರವಕ್ಕಾಗಿ ಬರೆದವಳು ನಾನು. ತಾತನಿಗೆ ಎವೆ ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ.

ದಿನಾಂಕ 9ರ ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ತಾತ ತಮ್ಮ ಸೋದರಳಿಯ ಸೆನ್ಯೊ ಜೊತೆ ಕೇಂದ್ರಕ್ಕೆ ಬಂದರು. ನೇರಳೆ ದ್ರಾವಣಕ್ಕೆ ಅವರ ತೊಗಟೆಯ ಸಾರ ನಾಲ್ಕು ಹನಿ ಬಿಟ್ಟು ತೋರಿಸಿದೆ. ಬಣ್ಣ ಕರಗಿ ಹಳದಿಯಾಯಿತು. ದೇಹ ಕೆಡಿಸುವ ಅಂಶಗಳನ್ನು ಇದು ತಡೆಯುತ್ತದೆಂಬುದಕ್ಕೆ ಅದು ಗುರುತು. ತಾತ ಮತ್ತೆ ಮತ್ತೆ ಮಾಡಿಸಿ ನೋಡಿದರು. ಬ್ಯಾಕ್ಟೀರಿಯಾದ ಫಲಿತಾಂಶ ನಾಳೆ ಎಂದು ಹೇಳಿ ಪಕ್ಕದ ಕೋಣೆಗೆ ಹೋದೆ. ಸೆನ್ಯೊ ಹೊರಗೆ ಫೋನಿನಲ್ಲಿದ್ದ. ನಾನು ಬರುವಷ್ಟರಲ್ಲಿ ತಾತ ಆ ಬಾಟಲಿಯಿಂದ ಕುಡಿದಿದ್ದರು. ಅದು ಅಂದು ನನಗಾಗಲಿ ಸೆನ್ಯೊಗಾಗಲಿ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಸೆನ್ಯೊ ಫೋನ್ ಮಾಡಿ, ತಾತ ವಾಂತಿ ಮಾಡಿಕೊಳ್ಳುತ್ತಿದ್ದಾರೆ, ಮನೆಯೊಳಗೆ ಧೂಳುಗಾಳಿ ಹೇಗೆ ಬಂತು ಎಂದು ಕೇಳುತ್ತಿದ್ದಾರೆ ಎಂದ. ಇದು ಧೂಳುಗಾಳಿಯ ಕಾಲವಲ್ಲ; ಮಂಜಾಗಿದ್ದು ತಾತನ ಕಣ್ಣು. ಓಡಿಹೋಗಿ ಬಾಟಲಿ ನೋಡಿದೆ. ಎರಡು ಬೆರಳಷ್ಟು ಕಡಿಮೆಯಾಗಿತ್ತು.

ಆಸ್ಪತ್ರೆಯ ವೈದ್ಯರಿಗೆ ಫೋನ್ ಮಾಡಿದೆ. ಸಾರಾಯಿ ಹೊಟ್ಟೆಯಲ್ಲಿದ್ದರೆ ಮೆಥನಾಲ್ ವಿಷವಾಗುವುದು ತಡವಾಗುತ್ತದೆ, ಇಲ್ಲಿಗೆ ತಲುಪುವವರೆಗೆ ಸ್ವಲ್ಪ ಸ್ವಲ್ಪವೇ ಕುಡಿಸಿ ಎಂದರು. ದೋಣಿಯಲ್ಲಿ ಆಚೆ ದಡಕ್ಕೆ ನಲವತ್ತು ನಿಮಿಷ. ತಾತನ ಮನೆಯಲ್ಲಿ ಗತಿಸಿದ ಹಿರಿಯರ ಹೆಸರಲ್ಲಿ ನೆಲಕ್ಕೆ ಎರೆಯಲು ಇಟ್ಟಿದ್ದ ಸಾರಾಯಿಯನ್ನೇ ತೆಗೆದು ಕುಡಿಸಲು ಹೋದೆ. ಸೆನ್ಯೊ ನನ್ನ ಕೈ ಹಿಡಿದ.

“ಕಣ್ಣು ಕಾಣ್ದೆ ಬಿದ್ದಿರೋ ಮುದುಕಂಗೆ ಸಾರಾಯಿ ಕುಡಿಸ್ತೀಯಲ್ಲ, ನಿಂಗೇನು ತಲೆ ಕೆಟ್ಟಿದ್ಯಾ?”

ಬಿಡೋ, ನಿನ್ನ ಕೈಯಿಂದಂತೂ ಇಷ್ಟು ವರ್ಷದಲ್ಲಿ ಒಂದು ಗುಟುಕೂ ಸಿಗಲಿಲ್ಲ ಎಂದು ತಾತನೇ ಅವನನ್ನು ಗದರಿದರು.

ಸಾರಾಯಿ ಸ್ವಲ್ಪ ಸ್ವಲ್ಪವೇ ಕುಡಿಸುತ್ತ ಆಸ್ಪತ್ರೆಗೆ ಕರೆತರುವಾಗ, ಆ ಬಾಟಲಿಯಿಂದ ಯಾಕೆ ಕುಡಿದಿರಿ ಎಂದು ದೋಣಿಯಲ್ಲಿ ಕೇಳಿದೆ. ಔಷಧಿ ಕೊಡುವವನು ಮೊದಲು ತಾನು ಕುಡಿಯಬೇಕು, ಯಾರಿಗೂ ಹೇಳದೆ ಒಂದು ರಾತ್ರಿ ಕಳೆಯಬೇಕು, ಬೆಳಿಗ್ಗೆ ನೆಟ್ಟಗೆ ಎದ್ದರೆ ಮಾತ್ರ ಬೇರೆಯವರಿಗೆ ಕೊಡಬಹುದು ಎಂದರು. “ನನ್ ಹೆಸ್ರು ಬರ್ದಿದ್ಯಲ್ಲವ್ವ. ಹೆಸ್ರು ನಂದಾದ್ಮೇಲೆ ಮೊದಲ್ನೇ ಗುಟುಕೂ ನಂದೇ.”

ನಾನೂ ಇದೇ ನೀರಿನ ದಂಡೆಯಲ್ಲಿ ಬೆಳೆದವಳು. ಇವತ್ತಿಗೂ ಮನೆಗೆ ಬಂದವರಿಗೆ ನೀರು ಕೊಡುವಾಗ, ಅದರಲ್ಲಿ ವಿಷವಿಲ್ಲವೆಂದು ತೋರಿಸಲು ಮೊದಲ ಗುಟುಕು ನಾನೇ ಕುಡಿದು ಕೊಡುತ್ತೇನೆ. ಬಿಳಿ ಕೋಟು ಹಾಕಿಕೊಂಡಾಗ ಅದು ನೆನಪಾಗಲಿಲ್ಲ.

ನಾನು ಸಾರಾಯಿ ಕುಡಿಸಿ ತಾತನ ಕಣ್ಣು ತೆಗೆದೆ ಎಂದು ಸೆನ್ಯೊ ಕೊಟ್ಟಿರುವ ದೂರನ್ನು ನಾನು ಒಪ್ಪುವುದಿಲ್ಲ. ವೈದ್ಯರನ್ನೇ ಕೇಳಬಹುದು. ಅವನ ಮೇಲೆ ನನಗೆ ಸಿಟ್ಟಿಲ್ಲ; ಅವನ ಜಾಗದಲ್ಲಿ ನಾನಿದ್ದರೂ ಕೈ ಹಿಡಿಯುತ್ತಿದ್ದೆ. ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕದೆ ಹೋದದ್ದು ನನ್ನ ತಪ್ಪು. ಅದಕ್ಕೆ ಏನು ಕ್ರಮವೋ ಆಗಲಿ.

ತಾತನ ಜೀವ ಉಳಿದಿದೆ. ಕಣ್ಣಿಗೆ ಬೆಳಕು ಯಾವುದು, ನೆರಳು ಯಾವುದು ಎಂಬಷ್ಟು ತಿಳಿಯುತ್ತದೆ. ಅದಕ್ಕಿಂತ ಹೆಚ್ಚಿನ ಭರವಸೆ ವೈದ್ಯರು ಕೊಟ್ಟಿಲ್ಲ.

ನಿನ್ನೆ ಸಂಜೆ ಐದಕ್ಕೆ ಆಸ್ಪತ್ರೆಗೆ ಹೋದಾಗ ತಾತ ಫಲಿತಾಂಶ ಕೇಳಿದರು. ಪರೀಕ್ಷೆಯ ತಟ್ಟೆಯಲ್ಲಿ ಅವರ ಔಷಧಿ ಹಾಕಿದ ಕಡೆ ಸುತ್ತಲೂ ಬ್ಯಾಕ್ಟೀರಿಯಾ ಸತ್ತು ದುಂಡಗೆ ಖಾಲಿ ಜಾಗವಾಗಿದೆ, ಹದಿನೆಂಟು ಮಿಲಿಮೀಟರ್ ಅಗಲ ಎಂದೆ. ಫೋನಿನಲ್ಲಿ ಅದರ ಚಿತ್ರ ಇತ್ತು. ಹೊರತೆಗೆದು, ಮತ್ತೆ ಚೀಲದಲ್ಲಿಟ್ಟೆ.

“ಆ ಲೆಕ್ಕ ನಂಗ್ಯಾಕೆ. ತೋರ್ಸು.”

ಅವರ ಅಂಗೈ ಬಿಡಿಸಿ ಉಗುರಿನಿಂದ ಅಷ್ಟೇ ಅಗಲದ ವೃತ್ತ ಎಳೆದೆ. ತಾತ ಮುಷ್ಟಿ ಮುಚ್ಚಿಕೊಂಡರು. ಆಮೇಲೆ ಕೈ ಬಿಡಿಸಿ, ಇನ್ನೊಂದು ಸಲ ಎಂದರು. ಎರಡನೆಯ ಸಲ ನಾನು ಅದನ್ನು ಸ್ವಲ್ಪ ದೊಡ್ಡದಾಗಿ ಎಳೆದೆ. ಅದೊಂದು ಸುಳ್ಳು, ಬರೆದುಕೊಳ್ಳಿ.

ಉಳಿದಂತೆ ಇದರಲ್ಲಿರುವುದೆಲ್ಲ ನಡೆದದ್ದು ನಡೆದ ಹಾಗೆ ಇದೆ. ಓದಿಸಿ ಕೇಳಿ, ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಕ್ಪಾಂಡೊ
ದಿನಾಂಕ: 13-07-2019
ಸಹಿ: ಸೆದಿನಮ್ ಅಮೆತೆಫೆ