ಇನ್ನೂರ ಹದಿನೇಳನೇ ಗಿಡ

ಲೈಟ್ ಆರಿಸಬೇಡಿ, ಇರಲಿ. ಇದು ನಮ್ಮ ಪಕ್ಕದ ಮನೆಯ ವಾರಿಜಾಕ್ಷಿಯಕ್ಕನ ತಮ್ಮ ಧನರಾಜನಿಗೆ ಆದದ್ದು. ಯಾವ ಯೂನಿವರ್ಸಿಟಿ, ಯಾವ ತೋಟ ಎಂದು ಮಾತ್ರ ಕೇಳಬೇಡಿ. ಅಲ್ಲಿ ಈಗಲೂ ಮಕ್ಕಳು ಓದುತ್ತಿದ್ದಾರೆ, ಲ್ಯಾಬ್ ಮುಗಿಸಿ ಕತ್ತಲಾದ ಮೇಲೆ ಅದೇ ದಾರಿಯಲ್ಲಿ ಗೇಟಿಗೆ ಬರುತ್ತಾರೆ.

ಹೋದ ವರ್ಷ ಏಪ್ರಿಲ್. ರಾತ್ರಿ ಒಂಬತ್ತೂಕಾಲು. ಎಲೆ ಅಲುಗದ ಸೆಕೆ. ಧನರಾಜ ಸಸ್ಯತೋಟದ ಶೆಡ್ಡಿಗೆ ಬೀಗ ಹಾಕಿ, ಚೀಲ ಹೆಗಲಿಗೇರಿಸಿ, ಮನೆಗೆ ಹೊರಟವನ ಹಾಗೆ ಹೊರಟ. ತೊಕ್ಕೊಟ್ಟಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ದಾರಿ ಹಳೇ ಬಾವಿಯ ಪಕ್ಕದಿಂದ, ಗೋಳಿಮರದ ಅಡಿಯಿಂದ ಹೋಗುತ್ತದೆ. ಬಾವಿಯ ಹತ್ತಿರ ಬಂದಾಗ ಕೇಳಿತು...

ಕಿರ್ರ್... ಕಿರ್ರ್...

ರಾಟೆಯ ಸದ್ದು. ಆಮೇಲೆ ಕೆಳಗೆ, ತುಂಬ ಕೆಳಗೆ... ಗುಳುಂ.

ಧನರಾಜ ನಿಂತ. ಆ ಬಾವಿಯ ಬಾಯಿಗೆ ಕಬ್ಬಿಣದ ಬಲೆ ಹಾಕಿ ಎಂಟು ತಿಂಗಳಾಗಿತ್ತು. ರಾಟೆ ಬಿಚ್ಚಿ ತಂದು ಶೆಡ್ಡಿನ ಮೂಲೆಗೆ ಬಿಸಾಡಿದವನು ಇವನೇ. ಬಾವಲಿ ಆಗಿರಬೇಕು ಎಂದುಕೊಂಡ. ಬಾವಲಿ ನೀರು ಸೇದುತ್ತದೆಯೇ? ಆದರೆ ಅವನಿಗೆ ಆ ರಾತ್ರಿ ಬೇರೆಯೇ ಒಂದು ಹೆದರಿಕೆ ಇತ್ತು. ಅದು ತಿಳಿಯಬೇಕಾದರೆ ಅಕ್ಕುವಕ್ಕನ ಸಂಗತಿ ತಿಳಿಯಬೇಕು.

ಅಕ್ಕು ಆ ತೋಟದಲ್ಲಿ ಮೂವತ್ತೊಂದು ವರ್ಷ ದುಡಿದ ಹೆಂಗಸು. ಪ್ರೊಫೆಸರುಗಳೂ ಅವಳನ್ನು ಅಕ್ಕುವಕ್ಕ ಎಂದೇ ಕರೆಯುತ್ತಿದ್ದರು. ಅಕ್ಷರ ಬರುತ್ತಿರಲಿಲ್ಲ. ಅಲ್ಲಿನ ಆರ್ಕಿಡ್ ಮನೆಯಲ್ಲಿ ನಾನೂರು ಗಿಡ. ಒಂದೊಂದಕ್ಕೂ ಒಂದು ಅಲ್ಯೂಮಿನಿಯಂ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು. ಹೂ ಇಲ್ಲದಾಗ ಆರ್ಕಿಡ್ ಗಿಡಗಳು ಒಂದನ್ನೊಂದು ಎಷ್ಟು ಹೋಲುತ್ತವೆ ಎಂದರೆ, ಡಾಕ್ಟರೇಟು ಮಾಡಿದವರೂ ಬಿಲ್ಲೆ ನೋಡಿಯೇ ಹೆಸರು ಹೇಳುವುದು. ಅಕ್ಕುವಕ್ಕ ಬಿಲ್ಲೆ ನೋಡುತ್ತಿರಲಿಲ್ಲ. ಎಲೆ ಮುಟ್ಟುತ್ತಿದ್ದಳು, ಅಷ್ಟೆ. ಹೊಸದಾಗಿ ಕೆಲಸಕ್ಕೆ ಬಂದವರನ್ನು ನೆಲಕ್ಕೆ ಕೂರಿಸಿ, ಕಣ್ಣಿಗೆ ಬೈರಾಸು ಕಟ್ಟಿ, ಅಂಗೈಗೆ ಒಂದೊಂದೇ ಎಲೆ ಇಟ್ಟು ಪರೀಕ್ಷೆ ಮಾಡುತ್ತಿದ್ದಳು.

"ಇದು ಎಂತ ಮಗಾ? ನೋಡಿದ್ರೆ ಎಲ್ಲ ಒಂದೇ ಹಾಗೆ ಕಾಣ್ತದೆ. ಮುಟ್ಟಿ ಹೇಳು."

ಧನರಾಜನಿಗೂ ಹಾಗೆಯೇ ಕಲಿಸಿದಳು. ಬಿಲ್ಲೆಯನ್ನು ತಾಮ್ರದ ತಂತಿಯಲ್ಲಿ ಗಿಡಕ್ಕೆ ಕಟ್ಟುವುದೂ ಅವಳದೇ ಕೆಲಸ. ಎಡಗೈಯವಳು. ಮೂರೇ ಸುತ್ತು, ಎಡಕ್ಕೆ. ಇದು ನೆನಪಿರಲಿ.

ಆ ನಾನೂರರಲ್ಲಿ ಇನ್ನೂರ ಹದಿನೇಳನೆಯದು ಎಲ್ಲರ ಮುದ್ದಿನ ಗಿಡ. ಹಿಂದೆ ಇದ್ದ ಪ್ರೊಫೆಸರೊಬ್ಬರು ಘಟ್ಟದ ಕಾಡಿನಿಂದ ತಂದದ್ದು. ಆ ಕಾಡು ಈಗ ರಸ್ತೆ. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಬಿಳಿ ಹೂ. ಇಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ ಎಂದು ತೋಟದ ಉಸ್ತುವಾರಿಯ ಚಾರ್ಲ್ಸ್ ಸರ್ ಬಂದವರಿಗೆಲ್ಲ ಹೇಳುತ್ತಿದ್ದರು. ಅದಕ್ಕೆ ನಲ್ಲಿ ನೀರು ಆಗದು, ಬ್ಲೀಚಿಂಗ್ ಹಾಕಿರುತ್ತಾರೆ. ಅಕ್ಕುವಕ್ಕ ದಿನಾ ಬೆಳಿಗ್ಗೆ ಬಾವಿಯಿಂದ ಸೇದಿ, ತಾಮ್ರದ ಕೊಡಪಾನದಲ್ಲಿ ಹೊತ್ತು ತಂದು ಹಾಕುತ್ತಿದ್ದಳು.

ಹಿಂದಿನ ವರ್ಷ ಬೇಸಿಗೆಯಲ್ಲಿ ಮಗಳ ಬಾಣಂತನ ಎಂದು ಅವಳು ಒಂದು ತಿಂಗಳು ರಜೆ ಹಾಕಿದಳು. ಕೊಡಪಾನವನ್ನು ಧನರಾಜನ ಕೈಗೆ ಕೊಟ್ಟು ಹೋದಳು. ಇವನು ಅದನ್ನು ಕವುಚಿಟ್ಟು ಪೈಪು ಹಿಡಿದ. ಅದೂ ಮನಸ್ಸು ಬಂದ ದಿನ, ಉರಿಬಿಸಿಲಿನ ಹೊತ್ತಿಗೆ. ಮೂರನೇ ವಾರಕ್ಕೆ ಗಿಡದ ಬೇರು ಕಪ್ಪಾಯಿತು, ಎಲೆ ಕಳಚಿತು. ಸತ್ತ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಿ, ಅದರ ಬಿಲ್ಲೆಯನ್ನು ಹಿಂದಿನ ಸಾಲಿನ ಯಾವುದೋ ಒಂದು ಗಿಡಕ್ಕೆ ಕಟ್ಟಿ ಅದೇ ಜಾಗದಲ್ಲಿ ತೂಗುಹಾಕಿದ. ನೋಡಲು ಒಂದೇ ಹಾಗೆ. ಚಾರ್ಲ್ಸ್ ಸರ್‌ಗೂ ಗೊತ್ತಾಗಲಿಲ್ಲ.

ಅಕ್ಕುವಕ್ಕ ರಜೆ ಮುಗಿಸಿ ಬಂದವಳು ಎಲೆ ಮುಟ್ಟಿದಳು.

"ಇದು ಅದಲ್ಲ" ಎಂದಳು.

ಚಾರ್ಲ್ಸ್ ಸರ್ ಇಬ್ಬರನ್ನೂ ಕರೆಸಿದರು. ಧನರಾಜ ಕಣ್ಣು ಪಿಳುಕಿಸದೆ ಹೇಳಿದ: "ಸರ್, ಅಕ್ಕುವಕ್ಕನಿಗೆ ಓದ್ಲಿಕ್ಕೆ ಬರುದಿಲ್ಲ ಅಲ್ವಾ? ತಂತಿ ಬದಲಿಸುವಾಗ ಅವರೇ ಬಿಲ್ಲೆ ಆಚೀಚೆ ಮಾಡಿರ್ಬೇಕು. ಯಾವ ಕಾಲದಲ್ಲಿ ಮಾಡಿದ್ದಾರೋ ಎಂತದೋ."

ಓದು ಬಾರದವಳ ಮಾತಿಗೆ ಬೆಲೆ ಎಷ್ಟು? ಆರ್ಕಿಡ್ ಮನೆಗೆ ಕಾಲಿಡಬೇಡಿ, ಇನ್ನು ಗುಡಿಸಿದರೆ ಸಾಕು ಎಂದು ಅವಳಿಗೆ ಹೇಳಿದರು. ಮೂವತ್ತೊಂದು ವರ್ಷದ ಮೇಲೆ. ಅವಳು ಗುಡಿಸಿದಳು. ಆದರೂ ದಿನಾ ಬೆಳಿಗ್ಗೆ ಒಂದು ಕೊಡಪಾನ ಬಾವಿನೀರು ತಂದು ಆ ಮನೆಯ ಬಾಗಿಲ ಹೊರಗೆ ಇಟ್ಟು ಹೋಗುತ್ತಿದ್ದಳು. ಧನರಾಜ ಅದನ್ನು ಚೆಲ್ಲುತ್ತಿದ್ದ. ಅವಳ ಕಣ್ಣೆದುರೇ.

ಆಟಿ ತಿಂಗಳ ಒಂದು ಬೆಳಿಗ್ಗೆ, ಜಡಿಮಳೆಯಲ್ಲಿ, ಬಾವಿಕಟ್ಟೆಯ ಪಾಚಿಗೆ ಅವಳ ಕಾಲು ಜಾರಿತು. ಕೊಡಪಾನ ಮೇಲೆಯೇ ಉಳಿದಿತ್ತು.

ಈಗ ಆ ಏಪ್ರಿಲ್ ರಾತ್ರಿಗೆ ಬನ್ನಿ. ಅಕ್ಕುವಕ್ಕನ ಜಾಗಕ್ಕೆ ಧನರಾಜನನ್ನು ಖಾಯಂ ಮಾಡುವ ಕಾಗದ ತಯಾರಾಗಿತ್ತು, ಸಹಿ ಒಂದೇ ಬಾಕಿ. ಮೀನಿನ ದೋಣಿಗೆ ಹೋಗಲು ಒಲ್ಲೆನೆಂದು ಅಪ್ಪನ ಜೊತೆ ಜಗಳ ಮಾಡಿ ಬಂದವನು. ಈ ಕೆಲಸ ತಪ್ಪಿದರೆ ಮುಖ ಎತ್ತಿ ಮನೆಗೆ ಹೋಗುವಂತಿರಲಿಲ್ಲ. ಆದರೆ ಅವನು ಬಿಲ್ಲೆ ಕಟ್ಟಿದ ಆ ಕಳ್ಳ ಗಿಡ ಮೊಗ್ಗು ಬಿಟ್ಟಿತ್ತು. ಇನ್ನೂರ ಹದಿನೇಳು ಹೂ ಬಿಡುತ್ತದೆ ಎಂದು ಚಾರ್ಲ್ಸ್ ಸರ್ ಕುಣಿದಾಡಿ ಹೊರಗಿನ ವಿಜ್ಞಾನಿಗಳನ್ನು ಕರೆದಿದ್ದರು. ಅವರು ಬರುವುದು ಮಾರನೇ ಬೆಳಿಗ್ಗೆ. ಬಿಳಿಯ ಬದಲು ಬೇರೆ ಬಣ್ಣ ಅರಳಿತೋ, ಎಲ್ಲ ಬಯಲು. ಆ ಮೊಗ್ಗನ್ನು ರಾತ್ರಿಯೇ ಚಿವುಟಿ, ಬಸವನಹುಳು ತಿಂದಿತೆಂದು ಹೇಳುವ ಲೆಕ್ಕಾಚಾರ ಅವನದು.

ಗೋಳಿಮರದ ಹತ್ತಿರ ಗೇಟಿನ ಕಡೆ ತಿರುಗುವ ಬದಲು ಆರ್ಕಿಡ್ ಮನೆಯ ಕಡೆ ತಿರುಗಿದ. ಬೀಗ ತೆಗೆದ. ಮೊಬೈಲಿನ ಬೆಳಕು ಹಿಡಿದು ಒಳಗೆ ಹೋದ. ಮೊಗ್ಗಿನ ತುದಿ ಬಿರಿದಿತ್ತು. ಒಳಗೆ ಗುಲಾಬಿ ಬಣ್ಣ. ಚಿವುಟಲು ಕೈ ಎತ್ತಿದವನು ನೋಡುತ್ತಾನೆ... ಬಿಲ್ಲೆ ಇಲ್ಲ. ಸಂಜೆ ತಾನೇ ಒರೆಸಿ ಹೊಳಪು ಬರಿಸಿದ್ದ.

ಹೊರಗೆ ಹೆಜ್ಜೆಯ ಸದ್ದು.

ಚಪ್... ಚಪ್... ಚಪ್...

ವಾಚ್‌ಮನ್ ಉಮರಬ್ಬ ಸುತ್ತು ಬಂದಿರಬೇಕೆಂದು ಬೆಳಕು ಆರಿಸಿ ಕುಕ್ಕರುಗಾಲಲ್ಲಿ ಕೂತ. ಕೂತ ಮೇಲೆ ಹೊಳೆಯಿತು, ಉಮರಬ್ಬನದು ಬೂಟು. ಇದು ಬರಿಗಾಲು. ಒದ್ದೆ ಕಾಲು.

ಬಾಗಿಲು ಸದ್ದು ಮಾಡಲಿಲ್ಲ. ಹೆಜ್ಜೆ ಮಾತ್ರ ಒಳಗೆ ಬಂತು. ಅವನ ಪಕ್ಕದಲ್ಲೇ ಸಿಮೆಂಟು ನೆಲದ ಮೇಲೆ ಕೊಡಪಾನ ಇಟ್ಟ ಸದ್ದು... ಠಣ್. ಮೊಬೈಲ್ ಒತ್ತಿದ. ಬೆಳಕು ಬರಲಿಲ್ಲ. ಮತ್ತೆ ಒತ್ತಿದ. ಇಲ್ಲ. ತಣ್ಣಗಿನ ಬೆರಳುಗಳು ಕತ್ತಲಲ್ಲಿ ಅವನ ಎಡಗೈ ಹುಡುಕಿ, ಹಿಡಿದು, ಮುಷ್ಟಿ ಬಿಡಿಸಿದವು. ಅಂಗೈ ಮೇಲೆ ಏನೋ ಇಟ್ಟವು.

"ಇದು ಎಂತ ಮಗಾ?"

ಪಿಸುಮಾತು. ಕಿವಿಯ ಹತ್ತಿರ. ಬಾವಿಯ ಪಾಚಿಯ ವಾಸನೆ. ಬೆರಳು ತಾನಾಗಿಯೇ ಎಲೆ ಸವರಿತು. ದಪ್ಪ, ನುಣುಪು.

"ವೆ... ವೆನಿಲ್ಲಾ."

"ಹ್ಞಾಂ."

ಎಲೆ ತೆಗೆದು ಇನ್ನೊಂದು ಇಟ್ಟಿತು ಆ ಕೈ. ಉದ್ದ, ತುದಿಯಲ್ಲಿ ಕಚ್ಚು.

"ಇದು?"

"ಸೀತಾಳೆ ದಂಡೆ."

"ಹ್ಞಾಂ."

ಮೂರನೆಯದು ಎಲೆಯಲ್ಲ. ಒಣಗಿದ ಬೇರಿನ ಗುಪ್ಪೆ. ಪುಡಿಪುಡಿ. ಗೊಬ್ಬರದ ಗುಂಡಿಯ ವಾಸನೆ. ಮುಟ್ಟಿದ ಕೂಡಲೇ ಅವನಿಗೆ ತಿಳಿಯಿತು. ಹೇಗೆ ತಿಳಿಯದೆ ಇರುತ್ತದೆ? ಅವನ ಕೈಗೆ ಕಲಿಸಿದವಳು ಅವಳೇ ಅಲ್ಲವೇ?

"ಇದು ಎಂತ ಮಗಾ?"

"ಗೊತ್ತಿಲ್ಲ."

"ಮುಟ್ಟಿ ಹೇಳು."

"ಗೊತ್ತಿಲ್ಲ ಅಕ್ಕುವಕ್ಕ..."

ಕೊಡಪಾನದ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಟಪ್... ಟಪ್...

"ಗೊತ್ತುಂಟು."

ನನಗೆ ಸಿಟ್ಟು ಬರುವುದು ಇಲ್ಲೇ ನೋಡಿ. ಆಗಲಾದರೂ ನಿಜ ಹೇಳಬಹುದಿತ್ತು. ಬಿಡುತ್ತಿದ್ದಳೋ ಇಲ್ಲವೋ, ಅದು ಬೇರೆ. ಆದರೆ ಇವನ ತಲೆಯಲ್ಲಿ ಆ ಕತ್ತಲಲ್ಲೂ ಆಫೀಸಿನ ಕಾಗದ, ಅದರ ಕೆಳಗಿನ ಸಹಿ. ಪಿಸುಗುಟ್ಟಿದ: "ಬಿಲ್ಲೆ ಬದಲಿಸಿದ್ದು ನೀವೇ."

ಸತ್ತವಳ ಎದುರಿಗೂ ಅದೇ ಸುಳ್ಳು!

ಆ ಕೈ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು. ತಂತಿ ತಿರುಚುವ ಸದ್ದು.

ಕ್ರಿಕ್...

ಕ್ರಿಕ್...

ಕ್ರಿಕ್.

ಮಸೀದಿಯಲ್ಲಿ ಬೆಳಗಿನ ಬಾಂಗ್ ಆದ ಮೇಲೆ ಸುತ್ತು ಬಂದ ಉಮರಬ್ಬನಿಗೆ ಆರ್ಕಿಡ್ ಮನೆಯ ಬಾಗಿಲು ತೆರೆದದ್ದು ಕಂಡಿತು. ಒಳಗೆ ಧನರಾಜ ಅದೇ ಕುಕ್ಕರುಗಾಲಲ್ಲಿ ಕೂತಿದ್ದ, ಕಣ್ಣು ಬಿಟ್ಟುಕೊಂಡು.

"ಎಂತ ಆಯ್ತು ಮಾರಾಯ? ಕೈಗೆ ಎಂತ ಕಟ್ಟಿಕೊಂಡದ್ದು?"

ಎಡ ಮಣಿಕಟ್ಟಿಗೆ ತಾಮ್ರದ ತಂತಿ, ಮಾಂಸದೊಳಗೆ ಇಳಿಯುವಷ್ಟು ಬಿಗಿ. ಅದರಲ್ಲಿ ಬಿಲ್ಲೆ. ಇನ್ನೂರ ಹದಿನೇಳು. ಚಾರ್ಲ್ಸ್ ಸರ್ ಓಡಿ ಬಂದರು. ಅವನ ಕೈ ನೋಡಿದರು. ಮೇಲೆ ತೂಗುತ್ತಿದ್ದ ಗಿಡ ನೋಡಿದರು. ಗುಲಾಬಿ ಬಣ್ಣದ ಹೂ ಪೂರ್ತಿ ಅರಳಿತ್ತು. ಗುಡ್ಡದಲ್ಲಿ ಯಾರಿಗೆ ಬೇಕಾದರೂ ಸಿಗುವ ಹೂ. ಅವರು ಅಲ್ಲೇ ಬೆಂಚಿನ ಮೇಲೆ ಕೂತು, ಕನ್ನಡಕ ತೆಗೆದು, "ಅಕ್ಕುವಕ್ಕ ಹೇಳಿದ್ರು... ನಂಗೆ ಹೇಳಿದ್ರು" ಎಂದು ಅತ್ತರಂತೆ. ಅಳಲಿ. ಅವಳು ಇದ್ದಾಗ ಕೇಳಬೇಕಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಕಟ್ಟರ್ ಹಾಕಿ ತಂತಿ ತುಂಡರಿಸಿದರು. ಗಾಂಜಾ ಹೊಡೆದು ತಾನೇ ಕಟ್ಟಿಕೊಂಡಿರಬೇಕು ಎಂದವರೂ ಇದ್ದಾರೆ. ಸರಿ, ಹಾಗೆಯೇ ಇರಲಿ. ಆದರೆ ಅಕ್ಕುವಕ್ಕ ಹೋದ ಮೇಲೆ ಆ ತೋಟದಲ್ಲಿ ತಾಮ್ರದ ತಂತಿಯನ್ನೇ ತರಿಸಿರಲಿಲ್ಲ, ಎಲ್ಲ ಪ್ಲಾಸ್ಟಿಕ್ ಪಟ್ಟಿ. ಆ ತಂತಿಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ವಾರಿಜಾಕ್ಷಿಯಕ್ಕ ಪೇಪರಿನಲ್ಲಿ ಸುತ್ತಿ ಇಟ್ಟಿದ್ದರು. ಮೂರೇ ಸುತ್ತು. ಎಡಕ್ಕೆ.

ಖಾಯಂ ಕಾಗದ ಹರಿದರು. ಧನರಾಜ ಈಗ ಪಂಪ್‌ವೆಲ್ ಹತ್ತಿರ ಮೊಬೈಲ್ ಕವರ್ ಮಾರುವ ಅಂಗಡಿಯಲ್ಲಿದ್ದಾನೆ. ಈ ಸೆಕೆಯಲ್ಲೂ ಉದ್ದ ತೋಳಿನ ಅಂಗಿ. ನಂಬದಿದ್ದರೆ ಹೋಗಿ ನೋಡಿ, ಸುಳ್ಳು ಹೇಳಿ ನನಗೇನು ಆಗಬೇಕು? ಚೆನ್ನಾಗಿಯೇ ಮಾತಾಡುತ್ತಾನೆ, ನಗುತ್ತಾನೆ, ವ್ಯಾಪಾರ ಮಾಡುತ್ತಾನೆ. ಕರೆಂಟು ಹೋದರೆ ಮಾತ್ರ ಎಲ್ಲ ಬಿಟ್ಟು ರಸ್ತೆಗೆ ಬಂದು ನಿಲ್ಲುತ್ತಾನೆ. ಆಗ ನೀವು ದುಡ್ಡು ಕೊಟ್ಟರೂ ಕೈ ಚಾಚುವುದಿಲ್ಲ. ಎರಡೂ ಮುಷ್ಟಿ ಬಿಗಿಯಾಗಿ ಮುಚ್ಚಿಕೊಂಡಿರುತ್ತಾನೆ, ಲೈಟು ಬರುವ ತನಕ.