ಮಗನಿಗೆಂದು ಕೊಟ್ಟ ಎರಡು ಹೂ

ಉಕ್ರೇನಿನ ಪೋಲ್ತಾವಾ ಊರಿನ ಬಸ್ ನಿಲ್ದಾಣದೆದುರು ಹೂ ಮಾರುವ ತೆಕ್ಲಾ, ನಿವೃತ್ತ ಕರ್ನಲ್ ಓರೆಸ್ಟರಿಗೆ ಸ್ಮಶಾನಕ್ಕೆಂದು ಹತ್ತು ಕೆಂಪು ಹೂ ಕಟ್ಟುತ್ತಿದ್ದಳು. ಸಾಲಿನಲ್ಲಿ ಹಿಂದೆ ನಿಂತಿದ್ದ ಹೆಂಗಸು ಅವರ ಗುರುತು ಹಿಡಿದಳು.

“ರಷ್ಯನ್ನರ ಮೇಲಿನ ಬೇಸಿಗೆ ದಾಳಿ ಗೆದ್ದಿತು ಅಂತ ನಿನ್ನೆ ಟಿವಿಯಲ್ಲಿ ಅಂದೋರು ನೀವೇ ಅಲ್ವಾ, ಕರ್ನಲ್ ಸಾಹೇಬ್ರೇ?”

“ಪೂರ್ತಿ ಗೆಲ್ಲಲಿಲ್ಲಮ್ಮ. ಆದ್ರೂ ಮೂರು ಹಳ್ಳಿ ವಾಪಸ್ ಸಿಕ್ತು. ಅದೇನು ಸಣ್ಣದಲ್ಲ.”

“ಮೂರನೇ ಹಳ್ಳಿಗೆ ನುಗ್ಗಿದ ನನ್ನ ಮಗ ದಾನಿಲೋ ವಾಪಸ್ ಸಿಕ್ಕಿಲ್ಲ. ಅವನನ್ನ ಗೆಲುವಿಗೆ ಸೇರಿಸಿದ್ರೋ, ಸೋಲಿಗೋ?”

“ಕಾಣೆಯಾದೋರನ್ನ ಯಾವುದಕ್ಕೂ ಸೇರಿಸಲ್ಲ.”

“ಭಲೇ! ಕುರ್ಚಿ ಮೇಲೆ ಕೂತು ಭೂಪಟಕ್ಕೆ ಕೋಲು ತೋರಿಸೋರಿಗೆ ಎಲ್ಲಾ ಸಲೀಸು.”

“ನಾನೂ ಹುಡುಗರನ್ನ ಕಳ್ಕೊಂಡಿದ್ದೀನಿ, ತಾಯಿ. ಈ ಹೂವೂ ಅವರಿಗೇ.” ಕರ್ನಲ್ ಕಟ್ಟಿನಿಂದ ಎರಡು ಹೂ ಎಳೆದು ಚಾಚಿದರು. “ತಗೊಳ್ಳಿ, ನಿಮ್ಮ ಮಗನಿಗೆ.”

ದಾರ ಸುತ್ತುತ್ತಿದ್ದ ತೆಕ್ಲಾಳ ಕೈ ನಿಂತಿತು.

“ಎರಡಾ?” ಎಂದಳು ಹೆಂಗಸು. “ಸತ್ತೋರಿಗೆ ಸಮಸಂಖ್ಯೆ ಹೂ, ಬದುಕಿರೋರಿಗೆ ಬೆಸ. ನಿಮ್ಮಮ್ಮ ಕಲಿಸಿಲ್ವಾ? ಟಿವಿಯಲ್ಲಿ ನುಂಗಿದ ಮಾತನ್ನ ಇಲ್ಲಿ ಕಕ್ಕಿಬಿಟ್ರಲ್ಲ!”



ಆಕೆ ಎರಡನ್ನೂ ಕಿತ್ತುಕೊಂಡು, ಒಂದನ್ನು ತೆಕ್ಲಾಳ ಬಕೆಟ್ಟಿಗೆ ಎಸೆದಳು. ಇನ್ನೊಂದನ್ನು ಕೋಟಿನೊಳಗೆ ಮುಚ್ಚಿಟ್ಟುಕೊಂಡು ಬಸ್ ಹತ್ತಿದಳು.